ಸೊನ್ನೆ ಬರೆದ ದಿನಗಳು

ಕುಷ್ಟಗಿ ತಾಲ್ಲೂಕಿನ ನಮ್ಮೂರಿನಲ್ಲಿ ಹನ್ನೊಂದು ವರ್ಷ ಮಳೆ ಅಳೆದಿದ್ದೇನೆ. ಬೆಳಿಗ್ಗೆ 8:30ಕ್ಕೆ ಮಳೆಮಾಪಕದ ಬೀಗ ತೆಗೆದು, ಆಲಿಕೆ ಎತ್ತಿಟ್ಟು, ಒಳಗಿನ ನೀರನ್ನು ಅಳತೆ ಗಾಜಿಗೆ ಸುರಿಯಬೇಕು. ನೀರು ಗಾಜಿನ ಗೋಡೆಗೆ ತಾಗುವಲ್ಲಿ ತುಸು ಏರಿ ನಡುವೆ ತಗ್ಗಾಗಿ ನಿಲ್ಲುತ್ತದೆ. ಮಂಡಿಯೂರಿ, ಕಣ್ಣನ್ನು ಆ ತಗ್ಗಿನ ಮಟ್ಟಕ್ಕೆ ತಂದು ಓದಬೇಕು. ನಿಂತು ನೋಡಿದರೆ ಲೆಕ್ಕ ತಪ್ಪುತ್ತದೆ. ಮಳೆ ಬಾರದ ದಿನವೂ ಸೊನ್ನೆ ಬರೆಯಲೇಬೇಕು. ನಮ್ಮ ಮಸಾರಿ ಸೀಮೆಯಲ್ಲಿ ನಾನು ಹೆಚ್ಚು ಬರೆದದ್ದು ಸೊನ್ನೆಯನ್ನೇ.

‘ಇಷ್ಟು ಸೊನ್ನೆ ಕೂಡಿಟ್ಟು ಏನು ಮಾಡುತ್ತೀರಿ?’ ಎಂದು ಊರವರು ಕೇಳುತ್ತಿದ್ದರು. ಉತ್ತರ ಸಿಕ್ಕಿದ್ದು ಧಾತು ಈಶ್ವರ ಸಂವತ್ಸರಗಳ ಬರದ ಬಗ್ಗೆ ಓದಿದಾಗ. 1876ರಿಂದ 78ರವರೆಗಿನ ಆ ಬರ ಬಳ್ಳಾರಿ ಸೀಮೆಯನ್ನು ಹಿಂಡಿಹಾಕಿತ್ತು. ಭಾರತದ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ಅದರ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್. ಬರದ ಹೊತ್ತಿನಲ್ಲಿ ಇಲ್ಲಿ ಗಾಳಿಯ ಒತ್ತಡ ಏರಿದ್ದನ್ನು ಕಂಡ ಆತ, ಬೇರೆಡೆಯೂ ಹೀಗೇ ಆಗಿದೆಯೇ ಎಂದು ಮಾರಿಷಸ್, ಆಸ್ಟ್ರೇಲಿಯಾದಂಥ ದೂರದ ವೀಕ್ಷಣಾಲಯಗಳನ್ನು ಕೇಳಿದ. ದಕ್ಷಿಣ ಆಸ್ಟ್ರೇಲಿಯಾದ ಚಾರ್ಲ್ಸ್ ಟಾಡ್ ತನ್ನ ಅಂಕಿಗಳನ್ನು ಕಳುಹಿಸಿದ. ಭಾರತದಲ್ಲಿ ಬರ ಬಿದ್ದಾಗ ತಮ್ಮಲ್ಲೂ ಬೀಳುವುದುಂಟು ಎಂಬುದನ್ನು ಆತ ಗುರುತಿಸಿದ. 1904ರಲ್ಲಿ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರ್ ಇಂಥ ಅಂಕಿಗಳನ್ನೇ ಜಾಲಾಡಿ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ಒತ್ತಡ ತಕ್ಕಡಿಯಂತೆ ತೂಗುವುದನ್ನು ಕಂಡುಕೊಂಡ. ಪೆಸಿಫಿಕ್ ನೀರು ಬಿಸಿಯೇರುವ ಎಲ್ ನಿನೊಗೂ ಈ ತೂಗಾಟಕ್ಕೂ ಇರುವ ನಂಟನ್ನು 1969ರಲ್ಲಿ ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್‌ನೆಸ್ ತೋರಿಸಿದರು. 1877 ಎಲ್ ನಿನೊ ವರ್ಷವಾಗಿತ್ತು. ನಮ್ಮ ಹಿರಿಯರ ಹಸಿವಿನ ಬೇರು ಅಷ್ಟು ದೂರದ ಕಡಲಿನಲ್ಲಿತ್ತು!

ಹೈದರಾಬಾದಿನಲ್ಲಿ ಓದುವ ತಂಗಿಯ ಮಗಳು ಕಳೆದ ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ಸಮುದ್ರದ ನಕ್ಷೆ ತೋರಿಸಿದಳು. ಮೈತುಂಬ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಆರ್ಗೋ ತೇಲುಯಂತ್ರ. ಸುಮಾರು 4,000 ಇವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳಕ್ಕಿಳಿದು, ಮೇಲೇರುತ್ತ ನೀರಿನ ಬಿಸಿ, ಉಪ್ಪು ಅಳೆದು ಉಪಗ್ರಹಕ್ಕೆ ಒಪ್ಪಿಸುತ್ತವೆ. ಭೂಮಿಯಲ್ಲಿ ಹೆಚ್ಚಾದ ಶಾಖದ ಶೇ 90ರಷ್ಟನ್ನು ಸಮುದ್ರವೇ ನುಂಗಿದೆ ಎಂಬ ಲೆಕ್ಕಕ್ಕೆ ಇಂಥ ಅಳತೆಗಳೇ ಆಧಾರ. ‘ಮಾವ, ಇದನ್ನು ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ’ ಎಂದಳು. ನನಗೆ ಗಂಟಲು ಕಟ್ಟಿತು. ನಾನು ಬರೆದುಕೊಟ್ಟ ರಿಜಿಸ್ಟರುಗಳನ್ನು ಒಂದು ಕಚೇರಿಯವರು ರದ್ದಿಗೆ ಹಾಕಿದ್ದು ನೆನಪಾಯಿತು. ಆ ಸಂಕಟ ಇನ್ನೂ ಆರಿಲ್ಲ.

ಮನೆಯಲ್ಲಿಟ್ಟುಕೊಂಡ ನಕಲು ಪುಸ್ತಕಗಳು ನಾಲ್ಕು ಉಳಿದಿವೆ. ಅವಳೇ ಕುಳಿತು ಕಂಪ್ಯೂಟರಿಗೆ ಏರಿಸಿದಳು. 2023ರ ಆಗಸ್ಟ್ ಪುಟ ಬಂತು. 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆ ಕಂಡ ಆಗಸ್ಟ್ ಅದು; ಎಲ್ ನಿನೊ ವರ್ಷವೂ ಹೌದು. ನಮ್ಮ ಹೊಲದ ಸಜ್ಜೆ ತೆನೆಯನ್ನು ಅಂಗೈಯಲ್ಲಿ ಉಜ್ಜಿದರೆ ಬರೀ ಹೊಟ್ಟು ಹಾರುತ್ತಿತ್ತು. ಸಾಲಾಗಿ ಸೊನ್ನೆಗಳು, ನಡುವೆ ನೀರು ಬಿದ್ದು ಕಲೆಸಿದ ಒಂದು ಅಂಕಿ.

‘ಇದು ಒಂದೋ ಏಳೋ, ಮಾವ?’

ಕನ್ನಡಕ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗುರುತು ಸಿಗಲಿಲ್ಲ.

‘ಖಾಲಿ ಬಿಡು’ ಎಂದೆ.