ಆಡಿನ ಕಣ್ಣು, ಹಳೆಯ ಮೈಕ್ರೋಸ್ಕೋಪು ಮತ್ತು ನಮ್ಮ ಮೇಡಂ

ಪಿಜಿ ಓದುವಾಗ ಎಲ್ಲಿ ಜಾಸ್ತಿ ಕಲಿತೆ ಅಂತ ಯಾರಾದರೂ ಕೇಳಿದರೆ, ನಮ್ಮ ಕಾಲೇಜಿನ ಕಣ್ಣಿನ ವಿಭಾಗದ ವೆಟ್ ಲ್ಯಾಬ್ ಅನ್ನುತ್ತೇನೆ, ಅಂದರೆ ಪ್ರಾಣಿಗಳ ಕಣ್ಣಿನ ಮೇಲೆ ಆಪರೇಷನ್ ಅಭ್ಯಾಸ ಮಾಡುವ ಜಾಗ. ಲ್ಯಾಬ್ ಅಂದರೆ ದೊಡ್ಡದೇನಲ್ಲ. ಒಂದು ಮೇಜು, ಓಟಿಯಿಂದ (ಆಪರೇಷನ್ ಥಿಯೇಟರಿನಿಂದ) ಹೊರಬಂದ ಹಳೆಯ ಮೈಕ್ರೋಸ್ಕೋಪು, ಥರ್ಮೋಕೋಲ್ ತುಂಡುಗಳು, ಮಟನ್ ಅಂಗಡಿಯಿಂದ ತಂದ ಆಡಿನ ಕಣ್ಣುಗಳು. ಅಷ್ಟೇ.

ಕಣ್ಣು ತಾಜಾ ಇರಬೇಕಿತ್ತು. ನಮ್ಮ ಅಟೆಂಡರ್ ಅಣ್ಣ ಬೆಳಿಗ್ಗೆ ಬೇಗ ಹೋಗಿ ಐಸ್ ಹಾಕಿದ ಫ್ಲಾಸ್ಕಿನಲ್ಲಿ ತರುತ್ತಿದ್ದರು. ತಡವಾದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಮಂಜಾಗಿ ಒಳಗೆ ಏನೂ ಕಾಣುವುದಿಲ್ಲ. ಕಾರ್ನಿಯಾದ ಒಳಪದರದ ಜೀವಕೋಶಗಳು ಸದಾ ನೀರನ್ನು ಹೊರಗೆ ಹಾಕುತ್ತಿರುತ್ತವೆ. ಅವು ಕೆಲಸ ನಿಲ್ಲಿಸಿದರೆ ಕಾರ್ನಿಯಾ ನೀರು ಹೀರಿ ಊದಿಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದ್ದು ಇಲ್ಲಿ ಕಣ್ಣಾರೆ ನೋಡಲು ಸಿಕ್ಕಿತು. ಹೊರತೆಗೆದ ಕಣ್ಣು ಮೆತ್ತಗೂ ಆಗಿರುತ್ತದೆ. ಹಿಂಬದಿಯಲ್ಲಿ ನರದ ಬುಡಕ್ಕೆ ಸೂಜಿ ಹಾಕಿ, ಸಲೈನ್ ತುಂಬಿ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಗುಂಡುಸೂಜಿ ಚುಚ್ಚಿ ಥರ್ಮೋಕೋಲಿನ ಮೇಲೆ ಕೂರಿಸಬೇಕು.

ಮೊದಲ ಪಾಠ ಟನಲ್, ಅಂದರೆ ಕಣ್ಣೊಳಗೆ ಹೋಗಲು ಬಿಳಿಗುಡ್ಡೆಯಲ್ಲಿ ಮಾಡುವ ಸುರಂಗದಂಥ ದಾರಿ. ಶಿಬಿರಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ನಾವು ಮಾಡುವ ಹೊಲಿಗೆಯಿಲ್ಲದ ಪೊರೆ ಆಪರೇಷನ್ನಿಗೆ ಇದೇ ಅಡಿಪಾಯ. ಬಿಳಿಗುಡ್ಡೆಯ ಮೇಲೆ 6–7 ಮಿಲಿಮೀಟರಿನಷ್ಟು ಗೀರು ಹಾಕಬೇಕು. ಅದರ ಅರ್ಧ ದಪ್ಪದಲ್ಲೇ ಕ್ರೆಸೆಂಟ್ ಬ್ಲೇಡನ್ನು ಕಾರ್ನಿಯಾ ಕಡೆಗೆ ಸರಿಸುತ್ತಾ ಹೋಗಬೇಕು. ಮೇಡಂ ಪಕ್ಕದಲ್ಲೇ ನಿಂತು ಕೇಳುತ್ತಿದ್ದರು: “ಬ್ಲೇಡ್ ಕಾಣ್ತಾ ಇದೆಯೇನಮ್ಮಾ? ಎಷ್ಟು ಕಾಣ್ತಾ ಇದೆ?”

ಆ ಪ್ರಶ್ನೆಯಲ್ಲೇ ಪೂರ್ತಿ ಪಾಠ ಇತ್ತು. ಮೇಲಿನ ಪದರದಡಿ ಬ್ಲೇಡು ಮಸುಕಾಗಿ ಕಂಡರೆ ಆಳ ಸರಿಯಿದೆ. ತೀರಾ ಸ್ಪಷ್ಟವಾಗಿ ಕಂಡರೆ ಪದರ ತೆಳುವಾಗಿದೆ, ಇನ್ನೇನು ತೂತು ಬೀಳುತ್ತದೆ. ಕಾಣದೇ ಹೋದರೆ ಆಳ ಜಾಸ್ತಿಯಾಗಿದೆ, ಬ್ಲೇಡು ಬೇಗನೇ ಕಣ್ಣೊಳಗೆ ನುಗ್ಗುತ್ತದೆ. ಒಂದೊಂದು ಸಲ ಮೇಡಂ ಬೇಕಂತಲೇ ಪದರಕ್ಕೆ ತೂತು ಹಾಕಿ, “ಈಗ ಏನು ಮಾಡ್ತೀಯ, ಮಾಡು” ಅಂತ ಕುರ್ಚಿ ಬಿಟ್ಟು ಏಳುತ್ತಿದ್ದರು. ಆಗ ಹೊಲಿಯಲು ಕೈಗೆ ಬರುತ್ತಿದ್ದದ್ದು 10-0 ನೈಲಾನ್ ದಾರ, ನಮ್ಮ ಕೂದಲಿಗಿಂತ ಎಷ್ಟೋ ತೆಳ್ಳಗಿನದು. ಉಸಿರು ಬಿಟ್ಟರೂ ಅಲುಗುತ್ತದೆ.

ಓಟಿಯಲ್ಲಿ ಹೀಗೆಲ್ಲ ಕಲಿಸಲು ಆಗುವುದಿಲ್ಲ. ಕಣ್ಣಿನ ಆಪರೇಷನ್ನಿನಲ್ಲಿ ರೋಗಿ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾರೆ, ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. ಅಲ್ಲಿ ಗುರುಗಳು ಗದರುವಂತಿಲ್ಲ, ಶಿಷ್ಯರು ಅನುಮಾನ ಕೇಳುವಂತಿಲ್ಲ. ಲ್ಯಾಬಿನಲ್ಲಿ ಎರಡಕ್ಕೂ ಜಾಗ ಇತ್ತು.

ಆಡಿನ ಕಣ್ಣು ಮನುಷ್ಯರ ಕಣ್ಣಲ್ಲ, ಅದು ನಿಜ. ಪಾಪೆ ಅಡ್ಡಕ್ಕೆ ಉದ್ದ. ಲೆನ್ಸು ದೊಡ್ಡದು, ಮೆತ್ತಗಿನದು. ಲೆನ್ಸಿನ ಮುಂದಿನ ಪದರ ರಬ್ಬರಿನಂತೆ ಎಳೆಯುತ್ತದೆ, ಪೊರೆ ತೆಗೆಯಲು ಅದನ್ನು ದುಂಡಗೆ ಹರಿಯಹೋದರೆ ಹರಿತ ಅಂಚಿಗೆ ಓಡುತ್ತದೆ. ಆ ಪಾಠಕ್ಕೆ ಮೇಡಂ ಟೊಮೆಟೊ ತರಿಸುತ್ತಿದ್ದರು, ಅದರ ಸಿಪ್ಪೆಯ ಮೇಲೆ ದುಂಡಗೆ ಹರಿಯುವ ಅಭ್ಯಾಸ.

ತರಕಾರಿ ಅಂತ ನಾವು ಮುಖ ಮುಖ ನೋಡಿಕೊಂಡಾಗ ಅವರು ಸುಶ್ರುತ ಸಂಹಿತೆ ತೆರೆದು ತೋರಿಸಿದರು. ಸೂತ್ರಸ್ಥಾನದ 9ನೇ ಅಧ್ಯಾಯದ ವಿಷಯವೇ ಇದು. ಕೊಯ್ಯುವುದನ್ನು ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿಯ ಮೇಲೆ ಕಲಿ. ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ, ತಾವರೆ ದಂಟಿನ ಮೇಲೆ ಕಲಿ. ಹೊಲಿಗೆಯನ್ನು ದಪ್ಪ ಬಟ್ಟೆಯ ಮೇಲೆ, ಪಟ್ಟಿ ಕಟ್ಟುವುದನ್ನು ಆಳೆತ್ತರದ ಬೊಂಬೆಯ ಮೇಲೆ ಕಲಿ. ಎಷ್ಟೇ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಬಾರದವನು ಅಂತಲೂ ಅಲ್ಲಿದೆ.

ಇದು ಬರೀ ಹಳೆಯ ಹೆಮ್ಮೆಯ ಮಾತಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಕೀನ್ಯಾ, ಟಾಂಜಾನಿಯಾ, ಉಗಾಂಡಾ, ಜಿಂಬಾಬ್ವೆಯ ಪಿಜಿ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಕೇಪ್ ಟೌನಿನಲ್ಲಿ ಕೃತಕ ಕಣ್ಣುಗಳ ಮೇಲೆ ಇದೇ ಟನಲ್ ಆಪರೇಷನ್ ಕಲಿಸಿದರು. ಇನ್ನೊಂದು ಗುಂಪು ಮಾಮೂಲಿನಂತೆ ಕಲಿಯಿತು. ಮುಂದಿನ ಒಂದು ವರ್ಷದಲ್ಲಿ ಮಾಡಿದ ಆಪರೇಷನ್ನುಗಳಲ್ಲಿ ಲೆನ್ಸಿನ ಹಿಂದಿನ ತೆಳು ಪದರ ಹರಿದದ್ದು ಮೊದಲ ಗುಂಪಿನಲ್ಲಿ 100ಕ್ಕೆ ಸುಮಾರು 8, ಎರಡನೆಯದರಲ್ಲಿ 100ಕ್ಕೆ ಸುಮಾರು 27. ಆ ಪದರ ಹರಿದರೆ ಹೊಸ ಲೆನ್ಸು ಕೂರಿಸುವುದು ಕಷ್ಟ, ದೃಷ್ಟಿಗೂ ಅಪಾಯ. ಈ ವ್ಯತ್ಯಾಸದ ಹಿಂದೆ ಎಷ್ಟು ಅಜ್ಜ ಅಜ್ಜಿಯರ ಕಣ್ಣುಗಳಿವೆ, ಅಲ್ವಾ?

ಈಗ ಲ್ಯಾಬಿನಲ್ಲಿರುವ ತಮ್ಮ ತಂಗಿಯರಿಗೆ ಒಂದು ಮಾತು. ಓಟಿಯಲ್ಲಿ ಬಳಸಿ ಬಿಟ್ಟ ಮೊಂಡು ಬ್ಲೇಡಿನಲ್ಲಿ ಅಭ್ಯಾಸ ಮಾಡಬೇಡಿ. ಮೊಂಡು ಬ್ಲೇಡನ್ನು ಜಾಸ್ತಿ ಒತ್ತಬೇಕಾಗುತ್ತದೆ, ಕೈ ಆ ಒತ್ತಡವನ್ನೇ ಕಲಿಯುತ್ತದೆ. ಹೊಸ ಬ್ಲೇಡಿಗೆ ದುಡ್ಡಿಲ್ಲ ಅನ್ನುವುದಾದರೆ ನಮ್ಮನ್ನು ಕೇಳಿ. ನಮ್ಮ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ: ಪ್ರತಿ ವರ್ಷ ಲ್ಯಾಬಿಗೆ ಬೇಕಾದಷ್ಟು ಬ್ಲೇಡು, ದಾರ ನಾವು ಕೊಡಿಸುತ್ತೇವೆ. ಮೈಕ್ರೋಸ್ಕೋಪಿಗೆ ಒಂದು ಕ್ಯಾಮೆರಾ ಕೂಡಿಸಿದರೆ, ಒಬ್ಬರು ಮಾಡುವುದನ್ನು ಉಳಿದವರೂ ಟಿವಿಯಲ್ಲಿ ನೋಡಬಹುದು. ಅದಕ್ಕೂ ಹಣ ಕೂಡಿಸುತ್ತಿದ್ದೇವೆ.