ಅಜ್ಜನ ಚೀಲದಲ್ಲಿ ಇರದ ಹಿಂಬರಹ

ಸೋಶಿಯಲ್ ವರ್ಕ್ ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಹೊಸತರಲ್ಲಿ ಅವ್ವನಿಗೆ ಫೋನ್ ಮಾಡಿ, ಇಲ್ಲಿ ಮನೆಮುಂದಿನ ಕಸ ಒಯ್ಯುವ ಕೌನ್ಸಿಲ್‌ನವರೇ ಅಪಾಯದಲ್ಲಿರುವ ಮಕ್ಕಳ ಕೇಸೂ ನೋಡುತ್ತಾರೆ ಅಂದೆ. ಬಾಗಲಕೋಟೆಯ ನವನಗರದಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಅಂದ್ರ ನಗರಸಭೆಯವ್ರು ಬಂದು ಕೂಸಿನ್ನ ಎತ್ಕೊಂಡ್ ಹೋದಂಗಾತಲ್ಲ!"

ಹಾಗೇನಿಲ್ಲ. ತಂದೆತಾಯಿ ಒಪ್ಪದಿದ್ದರೆ ಕೋರ್ಟಿನ ಆದೇಶ ಬೇಕು. ತೀರಾ ತುರ್ತಿದ್ದರೆ ಪೊಲೀಸರು ಮಗುವನ್ನು 72 ಗಂಟೆವರೆಗೆ ತಮ್ಮ ರಕ್ಷಣೆಯಲ್ಲಿ ಇಟ್ಟುಕೊಳ್ಳಬಹುದು. ಸೋಶಿಯಲ್ ವರ್ಕರ್‌ಗೆ ತಾನಾಗಿ ಆ ಅಧಿಕಾರವಿಲ್ಲ. ಇದೆಲ್ಲ 1989ರ ಮಕ್ಕಳ ಕಾಯ್ದೆಯಲ್ಲಿದೆ. ನಮಗೆ ಪಾಠ ಶುರುವಾಗಿದ್ದೇ ಅಲ್ಲಿಂದ. ಸೋಶಿಯಲ್ ವರ್ಕ್ ಅಂದ್ರೆ ಮನೆಮನೆಗೆ ಹೋಗೋದು, ಜನರ ಕಷ್ಟ ಕೇಳೋದು ಅಂದುಕೊಂಡಿದ್ದವಳು ನಾನು. ಕಾನೂನಿನ ಪೇಪರ್ ನೋಡಿ ಜೀವ ಹೋಯಿತು.

ಮೊದಲ ತರಗತಿಯಲ್ಲೇ ಮೇಡಂ ಒಂದು ಕೆಲಸ ಕೊಟ್ಟರು. ದೊಡ್ಡವರ ಆರೈಕೆಯ ಕಾನೂನಾದ 2014ರ ಕೇರ್ ಆ್ಯಕ್ಟ್‌ನ ಪುಟಗಳನ್ನು ಕೈಗಿಟ್ಟು, 'ಮಸ್ಟ್' ಇದ್ದಲ್ಲಿ ಕೆಂಪು ಗೆರೆ, 'ಮೇ' ಇದ್ದಲ್ಲಿ ಹಸಿರು ಗೆರೆ ಹಾಕಿ ಅಂದರು. ಸುಮ್ನೆ ಮಕ್ಕಳಾಟ ಅನ್ನಿಸಿತು. ಗೆರೆ ಹಾಕುತ್ತಾ ಹೋದಂತೆ ತಲೆಯಲ್ಲಿ ಕನ್ನಡ ಓಡತೊಡಗಿತು. ನಮ್ಮ ಕಾಯ್ದೆ ಪುಸ್ತಕಗಳ ಆ ಒರಟು ಕನ್ನಡ ಇದೆಯಲ್ಲ, 'ಮಾಡತಕ್ಕದ್ದು', 'ಮಾಡಬಹುದು', ಅದೇ ಇದು. 18ನೇ ಸೆಕ್ಷನ್: ಅರ್ಹರಿಗೆ ಆರೈಕೆ ಒದಗಿಸತಕ್ಕದ್ದು. 19ನೇ ಸೆಕ್ಷನ್: ಉಳಿದವರಿಗೆ ಒದಗಿಸಬಹುದು. ಒಂದು ಮುದುಕಿಗೆ ಸ್ನಾನ ಮಾಡಿಸಲು ಆಳು ಬರುತ್ತಾಳೋ ಇಲ್ಲವೋ ಅನ್ನೋದು ಎಷ್ಟೋ ಸಲ ಈ ಎರಡು ಪದಗಳ ನಡುವೆ ನಿಂತಿರುತ್ತದೆ.

ತಕ್ಕದ್ದು ಅಂತ ಇದ್ದರೆ ಕೆಲಸ ಮುಗಿಯಿತೇ? ಅದೂ ಇಲ್ಲ. ಗ್ಲಾಸ್ಟರ್‌ಶೈರ್‌ನ ಬ್ಯಾರಿ ಎಂಬ 79 ವರ್ಷದವರ ಕೇಸು ಇಲ್ಲಿ ಪ್ರತಿ ವಿದ್ಯಾರ್ಥಿಗೂ ಗೊತ್ತು. ಅದು ಈ ಕೇರ್ ಆ್ಯಕ್ಟ್ ಬರುವ ಮುಂಚಿನ ಮಾತು. ಮನೆ ಗುಡಿಸಲು, ಬಟ್ಟೆ ಒಗೆಯಲು ಕೌನ್ಸಿಲ್ ಅವರಿಗೆ ಜನ ಕಳಿಸುತ್ತಿತ್ತು. 1994ರಲ್ಲಿ ದುಡ್ಡಿಲ್ಲ ಅಂತ ನಿಲ್ಲಿಸಿತು. ಅವರ ಆರೋಗ್ಯವೇನೂ ಸುಧಾರಿಸಿರಲಿಲ್ಲ. ಕೇಸು ಆಗ ಇಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1997ರಲ್ಲಿ ಐವರಲ್ಲಿ ಮೂವರು ಕೌನ್ಸಿಲ್ ಪರ ನಿಂತರು. ಒಬ್ಬರಿಗೆ ಏನು 'ಅಗತ್ಯ' ಅಂತ ತೀರ್ಮಾನಿಸುವಾಗ ಕೌನ್ಸಿಲ್ ತನ್ನ ಖಜಾನೆ ಕಡೆ ನೋಡಬಹುದು, ಆದರೆ ಅಗತ್ಯ ಅಂತ ಒಮ್ಮೆ ಒಪ್ಪಿದ ಮೇಲೆ ದುಡ್ಡಿಲ್ಲ ಅನ್ನುವಂತಿಲ್ಲ ಅಂದರು. ನನಗೆ ಇದು ಇವತ್ತಿಗೂ ಸರಿ ಕಾಣುವುದಿಲ್ಲ. ಹಸಿವೆಯನ್ನು ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಇವೆ ಅಂತ ಎಣಿಸಿ ಅಳೆದ ಹಾಗಾಯಿತು, ಅಲ್ವಾ? ಸೋತ ಇಬ್ಬರು ಜಡ್ಜ್‌ಗಳ ಮಾತೇ ನನಗೆ ಹಿಡಿಸಿದ್ದು.

ಈ ಗೆರೆ ಹಾಕುವ ಚಟ ಹತ್ತಿದ ಮೇಲೆ ನಮ್ಮ ಸಂವಿಧಾನದ ಪಂಚಾಯಿತಿ ಭಾಗವನ್ನೂ ತೆಗೆದೆ. 73ನೇ ತಿದ್ದುಪಡಿ, 1993ರ ಏಪ್ರಿಲ್‌ನಿಂದ ಜಾರಿ. ಹನ್ನೊಂದನೇ ಶೆಡ್ಯೂಲಿನಲ್ಲಿ 29 ವಿಷಯಗಳಿವೆ. ಸಮಾಜ ಕಲ್ಯಾಣವೂ ಇದೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಯೂ ಇದೆ. ನನ್ನ ಕೆಲಸವೆಲ್ಲ ಅಲ್ಲೇ ಇದೆ ಅಂತ ಖುಷಿಪಟ್ಟೆ. ಆದರೆ ಅವನ್ನು ಪಂಚಾಯಿತಿಗೆ ಕೊಡುವ ಮಾತು ಬರುವ 243ಜಿ ವಿಧಿಯಲ್ಲಿ ಇರುವುದು ಹಸಿರು ಗೆರೆ. ರಾಜ್ಯ ಕೊಡಬಹುದು, ಅಷ್ಟೇ. ಇನ್ನು ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಅನ್ನೋದು ಪಕ್ಕಾ ಕೆಂಪು ಗೆರೆ. ಆದರೂ 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ.

ಇದನ್ನೆಲ್ಲ ಓದುವಾಗ ನೆನಪಾಗುವುದು ಅಜ್ಜ. ಆಲಮಟ್ಟಿ ಹಿನ್ನೀರಿಗೆ ನಮ್ಮ ಊರು ಹೋಯಿತು. ಪುನರ್ವಸತಿ ಕೇಂದ್ರದ ಪ್ಲಾಟಿನ ಹಕ್ಕುಪತ್ರಕ್ಕಾಗಿ ಅವನು ಒಂದು ಕಚೇರಿಗೆ ವರ್ಷಗಟ್ಟಲೆ ಅಲೆದ. ಕೈಯಲ್ಲಿ ಕಾಗದ ತುಂಬಿದ ಬಟ್ಟೆ ಚೀಲ. ಬಂದ ಉತ್ತರ ಬಾಯಿಮಾತು ಮಾತ್ರ: "ನಾಳಿ ಬಾ ಮುತ್ಯಾ." ಕೊಡುತ್ತೇವೆ ಅಂತಲೂ ಇಲ್ಲ, ಕೊಡುವುದಿಲ್ಲ ಅಂತಲೂ ಇಲ್ಲ. ಇಲ್ಲಿನ ಕೇರ್ ಆ್ಯಕ್ಟ್‌ನ 13ನೇ ಸೆಕ್ಷನ್ ನೋಡಿ ನನಗೆ ಹೊಟ್ಟೆ ಉರಿದಿದ್ದು ಅದಕ್ಕೇ. ನೀವು ಅರ್ಹರೋ ಅಲ್ಲವೋ ಅನ್ನೋ ತೀರ್ಮಾನವನ್ನು ಕಾರಣ ಸಮೇತ ಬರೆದು ಕೊಡತಕ್ಕದ್ದು. ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ, ಹಿಂಬರಹ. ಅದು ಕೈಗೆ ಬಂದರೆ ಮೇಲ್ಮನವಿ ಹಾಕಬಹುದು, ಧಾರವಾಡದ ಹೈಕೋರ್ಟ್ ಪೀಠಕ್ಕೂ ಹೋಗಬಹುದು. "ನಾಳಿ ಬಾ" ಹಿಡಿದು ಯಾವ ವಕೀಲರ ಹತ್ತಿರ ಹೋಗೋದು?

ಮೊನ್ನೆ ಚಿಗವ್ವನ ವಿಧವಾ ವೇತನ ಮೂರು ತಿಂಗಳಿಂದ ನಿಂತಿದೆ ಅಂತ ಗೊತ್ತಾಯಿತು. ಅವಳೂ ನಾಲ್ಕು ಸಲ ಹೋಗಿ ಬಂದಿದ್ದಳು. "ಈ ಸಲ ಅರ್ಜಿ ಬರ್ದ ಕೊಡು, ನಕಲಿನ ಮ್ಯಾಲ ಸೀಲ್ ಹಾಕಿಸ್ಕೋ, ಹಿಂಬರಹ ಕೊಡ್ರಿ ಅನ್ನು" ಅಂದೆ. "ಅಲ್ಲಿ ಕುಂತು ಇದನ್ನ ಕಲ್ತಿ ಏನು?" ಅಂತ ನಕ್ಕಳು.

ಹನ್ನೆರಡು ದಿನದ ಮೇಲೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ಸೀಲು, ಸಹಿ, ಒಂದೇ ಸಾಲು: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಚಿಗವ್ವ ಮರುದಿನ ಬೆಳಿಗ್ಗೆಯೇ ಬ್ಯಾಂಕಿಗೆ ಹೋದಳು.