ಡೇಟಾ ಇದ್ದಲ್ಲೇ ಇತ್ತು, ವಿಳಾಸ ಬದಲಾಯಿತು

ಗಾರ್ಬೇಜ್ ಕಲೆಕ್ಟರ್ ಬಗ್ಗೆ ನಮ್ಮ ತಂಡಕ್ಕೊಂದು ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರೋಗ್ರಾಂಗೆ ಇನ್ನು ಬೇಡವಾದ ಡೇಟಾವನ್ನು ತಾನೇ ಹುಡುಕಿ ತೆಗೆಯುವ ವ್ಯವಸ್ಥೆ ಅದು. ತೆಗೆದ ಮೇಲೆ ಮೆಮೊರಿಯಲ್ಲಿ ಅಲ್ಲಲ್ಲಿ ಖಾಲಿ ಜಾಗ ಉಳಿಯುತ್ತದೆ. ಉಳಿದ ಆಬ್ಜೆಕ್ಟ್‌ಗಳನ್ನು, ಅಂದರೆ ಡೇಟಾದ ತುಣುಕುಗಳನ್ನು, ಒಂದು ಕಡೆ ಒತ್ತಬೇಕು. ಸಾಮಾನ್ಯವಾಗಿ ಕಾಪಿ ಮಾಡುತ್ತಾರೆ. ಆದರೆ ಹತ್ತಾರು ಎಂಬಿಯ ಒಂದೇ ಅರೇ (ಸಾಲಾಗಿ ಜೋಡಿಸಿದ ಡೇಟಾ) ಇದ್ದರೆ? ಅಷ್ಟನ್ನೂ ಸಾಗಿಸುವ ಬದಲು ಆಪರೇಟಿಂಗ್ ಸಿಸ್ಟಮ್‌ಗೆ ಹೇಳಿ ಅದರ ವಿಳಾಸವನ್ನೇ ಬದಲಿಸಬಹುದು, ಅಂದರೆ ರಿಮ್ಯಾಪ್ ಮಾಡಬಹುದು. ಲಿನಕ್ಸ್‌ನಲ್ಲಿ ಇದಕ್ಕೆ ಎಂರಿಮ್ಯಾಪ್ ಅನ್ನೋ ಸಿಸ್ಟಮ್ ಕಾಲ್ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕರೆ) ಇದೆ. ಕೈಪಿಡಿಯಲ್ಲಿ ಈ ಅಧ್ಯಾಯವೇ ನನ್ನನ್ನು ಜಾಸ್ತಿ ಕಾಡಿದ್ದು.

ಆಗ ನಾನು ಗಂಗಾವತಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಬೇಸಿಗೆ. ಬಿಸಿಲೇರುವ ಮುಂಚೆ ಏನಾದರೂ ಬರೆದರೆ ಬರೆದ ಹಾಗೆ. ಮಾವನದು ಅಕ್ಕಿ ಗಿರಣಿ. ಅವರು ಚಹಾ ಹಿಡಿದು ಬಂದು, "ಏನ್ ಬರಿಯಾಕತ್ತೀಯೋ ಮುಂಜಾನಿಂದ?" ಅಂದರು. ನನಗೆ ತಿಳಿದ ಹಾಗೆ ಹೇಳಿದೆ. ಅವರು ನಕ್ಕರು. "ಅದರಾಗೇನೈತಿ? ಭತ್ತ ಒಬ್ಬರಿಂದ ಇನ್ನೊಬ್ಬರಿಗೆ ಹೋದ್ರ ಹಮಾಲರು ಚೀಲ ಎತ್ತಬೇಕೇನು? ಮಾಲು ಗೋದಾಮಿನ್ಯಾಗ ಅಲ್ಲೇ ಇರ್ತೈತಿ. ಪುಸ್ತಕದಾಗ ಹೆಸರು ಬದಲು ಮಾಡಿದ್ರ ಆತು."

ಇದಕ್ಕಿಂತ ಚೆನ್ನಾಗಿ ನಾನೂ ಬರೆದಿರಲಿಲ್ಲ. ಆ ಪುಸ್ತಕಕ್ಕೆ ಕಂಪ್ಯೂಟರ್‌ನಲ್ಲಿ ಪೇಜ್ ಟೇಬಲ್ ಅಂತಾರೆ. ಯಾವ ವಿಳಾಸಕ್ಕೆ ರ‍್ಯಾಮಿನ ಯಾವ ಪುಟ ಅನ್ನೋದು ಅದರಲ್ಲಿರುತ್ತದೆ. ಪುಟ ಅಂದರೆ ಮೆಮೊರಿಯ ಒಂದು ತುಂಡು, ಸಾಮಾನ್ಯವಾಗಿ 4 ಕೆಬಿ.

ಆದರೆ ಓದುವವರು ಸುಮ್ನೆ ನಂಬಬೇಕಾ? ಅದಕ್ಕೇ ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. 64 ಎಂಬಿ ಮೆಮೊರಿ ಕೇಳಿ, ಅದರ 16,384 ಪುಟಗಳ ಮೊದಲ ಬೈಟ್‌ನಲ್ಲೂ ಒಂದೊಂದು ಗುರುತು ಬರೆದೆ. ಆಮೇಲೆ ಎಂರಿಮ್ಯಾಪ್ ಕರೆದೆ. ಯಾವ ವಿಳಾಸಕ್ಕೆ ರ‍್ಯಾಮಿನ ಯಾವ ಪುಟ ಅಂತ ಲಿನಕ್ಸ್ ಪೇಜ್‌ಮ್ಯಾಪ್ ಅನ್ನೋ ಫೈಲ್‌ನಲ್ಲಿ ತೋರಿಸುತ್ತದೆ. ಅಡ್ಮಿನ್ ಅಧಿಕಾರ ಇಲ್ಲದೆ ಓದಿದರೆ ಪುಟದ ನಂಬರ್ ಇರಬೇಕಾದ ಜಾಗದಲ್ಲಿ ಬರೀ ಸೊನ್ನೆ ಬರುತ್ತದೆ. ಭದ್ರತೆಗಾಗಿ ಹಾಗೆ ಮಾಡಿದ್ದಾರೆ. ಅಡ್ಮಿನ್ ಅಧಿಕಾರ ಕೊಡುವ ಸುಡೋ ಕಮಾಂಡ್ ಹಾಕಿ ಓಡಿಸಿದೆ. ವಿಳಾಸ ಬೇರೆ, ಪುಟದ ನಂಬರ್ ಮಾತ್ರ ಅದೇ. ಬರೆದ ಗುರುತು ಹೊಸ ವಿಳಾಸದಲ್ಲಿ ಹಾಗೇ ಕೂತಿತ್ತು. ಈ ಔಟ್‌ಪುಟ್ಟನ್ನೇ ಕೈಪಿಡಿಗೆ ಅಂಟಿಸಿದೆ.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಇದರ ಮುಂದಿನ ಹೆಜ್ಜೆ. 2020ರಲ್ಲಿ ಬಂದ ಲಿನಕ್ಸ್ 5.7ರಲ್ಲಿ ಎಂರಿಮ್ಯಾಪ್‌ಗೆ 'ಡೋಂಟ್ ಅನ್‌ಮ್ಯಾಪ್' ಅನ್ನೋ ಆಯ್ಕೆ ಸೇರಿತು. ಪುಟಗಳು ಹೊಸ ವಿಳಾಸಕ್ಕೆ ಹೋದರೂ ಹಳೆಯ ವಿಳಾಸ ಖಾಲಿಯಾಗಿ ಉಳಿಯುತ್ತದೆ. ಅಲ್ಲಿ ಓದಿ ನೋಡಿದೆ, ನನ್ನ ಗುರುತಿನ ಬದಲು ಸೊನ್ನೆ ಸಿಕ್ಕಿತು. ಇದರ ಜೊತೆ ಲಿನಕ್ಸ್‌ನ ಯೂಸರ್‌ಫಾಲ್ಟ್‌ಎಫ್‌ಡಿ ಅನ್ನೋ ಸೌಲಭ್ಯ ಸೇರಿಸಿದರೆ ಆಟವೇ ಬೇರೆ. ಪ್ರೋಗ್ರಾಂ ಆ ಖಾಲಿ ಜಾಗ ಮುಟ್ಟಿದ ಕೂಡಲೇ ಕಲೆಕ್ಟರ್‌ಗೆ ಸುದ್ದಿ ಹೋಗುತ್ತದೆ. ಅದು ಒತ್ತಿ ಜೋಡಿಸಿದ ಪುಟವನ್ನು ಆಗಲೇ ಅಲ್ಲಿ ತುಂಬುತ್ತದೆ. ಆಂಡ್ರಾಯ್ಡ್‌ನ ಹೊಸ ಕಲೆಕ್ಟರ್ ಕೆಲಸ ಮಾಡೋದು ಹೀಗೇ. ಮಾವನ ಜೇಬಿನಲ್ಲಿದ್ದ ಫೋನಿನಲ್ಲೂ ಇದೇ ನಡೆಯುತ್ತಿರಬಹುದು, ಅವರಿಗೆ ಅದನ್ನು ಹೇಳಿ ತಲೆ ತಿನ್ನಲಿಲ್ಲ.

ಜಾವಾ ಭಾಷೆಯ ಝಡ್‌ಜಿಸಿ ಅನ್ನೋ ಕಲೆಕ್ಟರ್‌ನ ಕಥೆ ಒಂದೇ ಪ್ಯಾರಾದಲ್ಲಿ ಮುಗಿಸಿದೆ. ಮೊದಲು ಅದು ಒಂದೇ ಮೆಮೊರಿಯನ್ನು ಮೂರು ವಿಳಾಸಗಳಲ್ಲಿ ತೋರಿಸುತ್ತಿತ್ತು. ಹಾಗಾಗಿ ಕೆಲವು ಟೂಲ್‌ಗಳಲ್ಲಿ ಮೆಮೊರಿ ಬಳಕೆ ಮೂರು ಪಟ್ಟು ಕಾಣುತ್ತಿತ್ತು. ಅದನ್ನು ನೋಡಿ ಗಾಬರಿಯಾದವರು ಕಡಿಮೆಯೇನಲ್ಲ.

ಇಂಥ ಬರಹಗಳಲ್ಲಿ 'ಕಾಪಿಯೇ ಇಲ್ಲ' ಅಂತ ಹೊಗಳಿ ನಿಲ್ಲಿಸೋದು ನನಗೆ ಹಿಡಿಸಲ್ಲ. ಖರ್ಚು ಇದ್ದೇ ಇದೆ, ಅಲ್ವಾ? ಎಂರಿಮ್ಯಾಪ್ ಕರೆದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಹೋಗಿ ಬರಬೇಕು. ಸಿಪಿಯುಗಳು ಹಳೆಯ ವಿಳಾಸಗಳನ್ನು ಟಿಎಲ್‌ಬಿ ಅನ್ನೋ ತಮ್ಮ ಪುಟ್ಟ ಸಂಗ್ರಹದಲ್ಲಿ ನೆನಪಿಟ್ಟಿರುತ್ತವೆ. ಆ ಪ್ರೋಗ್ರಾಂ ಓಡುತ್ತಿರುವ ಕೋರ್‌ಗಳಿಗೆಲ್ಲ ಹೇಳಿ ಅದನ್ನು ಅಳಿಸಬೇಕು. ನೂರು ಬೈಟ್‌ನ ಆಬ್ಜೆಕ್ಟ್‌ಗೆ ಇಷ್ಟೆಲ್ಲ ಮಾಡೋದು ದಂಡ, ಕಾಪಿಯೇ ಸಲೀಸು. ಪುಟಕ್ಕಿಂತ ಚಿಕ್ಕದನ್ನು ಹೀಗೆ ಸರಿಸಲೂ ಬರಲ್ಲ. ಹಳೆಯ ವಿಳಾಸ ಹಿಡಿದು ಕೂತಿರುವ ಪಾಯಿಂಟರ್‌ಗಳನ್ನು ತಿದ್ದುವ ಕೆಲಸವಂತೂ ಕಲೆಕ್ಟರ್‌ಗೆ ತಪ್ಪಿದ್ದಲ್ಲ. ವಿಳಾಸಗಳು 2 ಎಂಬಿ ಗಡಿಗೆ ಹೊಂದಿಕೊಂಡಿದ್ದರೆ ಮಾತ್ರ ಒಳ್ಳೆ ಲಾಭ. 2019ರ ಲಿನಕ್ಸ್ 5.0ದಿಂದ ಕರ್ನಲ್ ಅಂಥ ಕಡೆ 512 ಪುಟಗಳ ನಮೂದುಗಳನ್ನು ಒಂದೊಂದಾಗಿ ಸರಿಸದೆ, ಆ ಇಡೀ ಗುಂಪನ್ನು ಒಂದೇ ನಮೂದಿನಲ್ಲಿ ಸರಿಸಬಲ್ಲದು. ಆ ಬದಲಾವಣೆ ಬಂದಿದ್ದೂ ಆಂಡ್ರಾಯ್ಡ್‌ನವರ ಅಗತ್ಯಕ್ಕೇ.

ಕರಡು ಓದಿದ ಸಹೋದ್ಯೋಗಿ ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಕೆಬಿ ದಾಟಿದರೆ ರಿಮ್ಯಾಪ್ ಮಾಡಬೇಕು? ಒಂದು ನಂಬರ್ ಹಾಕಿಬಿಡಿ." ನಾನು ಹಾಕಲಿಲ್ಲ. ನನ್ನ ಹಳೆ ಲ್ಯಾಪ್‌ಟಾಪಿನ ಲೆಕ್ಕ ಅವರ ಹತ್ತಾರು ಕೋರ್‌ಗಳ ಸರ್ವರ್‌ಗೆ ಹೇಗೆ ಹೊಂದುತ್ತೆ? ಆ ಪ್ರೋಗ್ರಾಂಗೆ ಸಮಯ ಅಳೆಯುವ ನಾಲ್ಕು ಸಾಲು ಸೇರಿಸಿ ಕೈಪಿಡಿಯ ಜೊತೆಗೇ ಕಳಿಸಿದೆ. ಮೊದಲು ಕಾಪಿ, ಆಮೇಲೆ ರಿಮ್ಯಾಪ್, ನಿಮ್ಮ ಮಷೀನಿನಲ್ಲೇ ಓಡಿಸಿ ನೋಡಿ ಅಂತ ಮೇಲೊಂದು ಸಾಲು ಬರೆದೆ.